ಫ್ಲಾರಿಡಾದ 537 ಮತಗಳು: ಅಮೆರಿಕದ ಅಧ್ಯಕ್ಷರನ್ನು ರಾಜ್ಯಗಳು ಆರಿಸುವ ಬಗೆ

2000 ನೇ ಇಸವಿಯ ನವೆಂಬರ್ 7 ರಂದು ಅಮೆರಿಕದಲ್ಲಿ ಸುಮಾರು ಹತ್ತೂವರೆ ಕೋಟಿ ಜನ ಮತ ಚಲಾಯಿಸಿದರು. ಡೆಮಾಕ್ರಟಿಕ್ ಪಕ್ಷದ ಅಲ್ ಗೋರ್ ಅವರಿಗೆ ದೇಶದಾದ್ಯಂತ ಹತ್ತಿರ ಹತ್ತಿರ 5 ಕೋಟಿ 10 ಲಕ್ಷ ಮತಗಳೂ, ರಿಪಬ್ಲಿಕನ್ ಪಕ್ಷದ ಜಾರ್ಜ್ ಡಬ್ಲ್ಯು. ಬುಷ್ ಅವರಿಗೆ ಸುಮಾರು 5 ಕೋಟಿ 4 ಲಕ್ಷ 56 ಸಾವಿರ ಮತಗಳೂ ಬಂದವು. ಗೋರ್ ಅವರ ಮುನ್ನಡೆ 5 ಲಕ್ಷ 43 ಸಾವಿರಕ್ಕೂ ಹೆಚ್ಚು. ಆದರೂ ಮರುವರ್ಷದ ಜನವರಿ 20 ರಂದು ಪ್ರಮಾಣವಚನ ಸ್ವೀಕರಿಸಿದವರು ಬುಷ್. ಫ್ಲಾರಿಡಾ ಎಂಬ ಒಂದೇ ರಾಜ್ಯದಲ್ಲಿ, ಅಲ್ಲಿ ಬಿದ್ದ ಸುಮಾರು 60 ಲಕ್ಷ ಮತಗಳ ಪೈಕಿ, ಅವರು 537 ಮತಗಳಷ್ಟು ಮುಂದಿದ್ದರು ಎಂದು ಅಲ್ಲಿನ ಅಧಿಕಾರಿಗಳು ಪ್ರಮಾಣಪತ್ರ ಬರೆದದ್ದೇ ಇದಕ್ಕೆ ಕಾರಣ. ಐದು ಲಕ್ಷವನ್ನು ಐನೂರು ಮೀರಿದ ಈ ಲೆಕ್ಕ ಮೇಲುನೋಟಕ್ಕೆ ಅಸಂಗತವಾಗಿ ಕಂಡರೂ ಅದರ ಹಿಂದೆ ಎರಡು ಶತಮಾನಗಳಿಂದ ನಡೆದುಬಂದ ಒಂದು ಸ್ಪಷ್ಟವಾದ ವ್ಯವಸ್ಥೆಯಿದೆ. ಅದರ ಕೀಲುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ತುರುಸಿನ ಸ್ಪರ್ಧೆಯಲ್ಲಿ ಅಮೆರಿಕದ ಅಧ್ಯಕ್ಷಗಿರಿ ಯಾರಿಗೆ ಒಲಿಯುತ್ತದೆ ಎಂಬುದು ಎಷ್ಟು ಮತ ಬಂತು ಎನ್ನುವುದಕ್ಕಿಂತ ಎಲ್ಲಿ ಬಂತು ಎನ್ನುವುದನ್ನೇ ಹೆಚ್ಚಾಗಿ ಅವಲಂಬಿಸಿದೆ ಎಂಬುದು ತಿಳಿಯುತ್ತದೆ.

ಮತಗಟ್ಟೆಯಲ್ಲಿ ಅಮೆರಿಕದ ಮತದಾರ ಅಧ್ಯಕ್ಷೀಯ ಅಭ್ಯರ್ಥಿಯ ಹೆಸರಿನ ಮುಂದೆ ಗುರುತು ಹಾಕಿದರೂ, ಕಾನೂನಿನ ದೃಷ್ಟಿಯಲ್ಲಿ ಆತ ಆರಿಸುತ್ತಿರುವುದು ಆ ಅಭ್ಯರ್ಥಿಯ ಪರವಾಗಿ ಮತ ಹಾಕುವುದಾಗಿ ಮೊದಲೇ ಒಪ್ಪಿಕೊಂಡಿರುವ ತನ್ನ ರಾಜ್ಯದ ಎಲೆಕ್ಟರ್‌ಗಳನ್ನು. ಇವರೆಲ್ಲರ ಒಟ್ಟು ಕೂಟಕ್ಕೆ ಎಲೆಕ್ಟೋರಲ್ ಕಾಲೇಜ್ ಎಂಬ ಹೆಸರು ಬಂದಿದೆಯಾದರೂ ಈ ಕಾಲೇಜಿಗೆ ಕಟ್ಟಡವಿಲ್ಲ, ಅದರ ಸದಸ್ಯರು ಎಂದೂ ಒಂದೆಡೆ ಸೇರುವುದೂ ಇಲ್ಲ. ಡಿಸೆಂಬರ್ ತಿಂಗಳ ಒಂದು ಗೊತ್ತಾದ ದಿನ ಆಯಾ ರಾಜ್ಯದವರು ಆಯಾ ರಾಜ್ಯದಲ್ಲೇ ಸೇರಿ ಮತ ಹಾಕಿ ಚದುರಿಹೋಗುತ್ತಾರೆ. ಒಂದು ರಾಜ್ಯಕ್ಕೆ ಎಷ್ಟು ಎಲೆಕ್ಟರ್‌ಗಳು ಎಂಬುದನ್ನು 1787 ರಲ್ಲಿ ಫಿಲಡೆಲ್ಫಿಯಾದಲ್ಲಿ ರಚಿತವಾದ ಸಂವಿಧಾನವೇ ಹೇಳಿದೆ: ಆ ರಾಜ್ಯದಿಂದ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಗೆ ಎಷ್ಟು ಸದಸ್ಯರಿದ್ದಾರೋ ಅಷ್ಟು, ಜೊತೆಗೆ ಮೇಲ್ಮನೆಯಾದ ಸೆನೆಟ್‌ನ ಇಬ್ಬರು ಸದಸ್ಯರ ಲೆಕ್ಕದಲ್ಲಿ ಇನ್ನೆರಡು. ಪ್ರತಿನಿಧಿ ಸಭೆಯ 435, ಸೆನೆಟ್‌ನ 100, 1961 ರಲ್ಲಿ ಅಂಗೀಕಾರಗೊಂಡ 23 ನೇ ತಿದ್ದುಪಡಿಯ ಪ್ರಕಾರ ರಾಜಧಾನಿ ವಾಷಿಂಗ್ಟನ್‌ಗೆ ದೊರೆತ 3, ಹೀಗೆ ಒಟ್ಟು 538. ಅದರ ಅರ್ಧಕ್ಕಿಂತ ಒಂದು ಹೆಚ್ಚು ಎಂದರೆ 270. ಚುನಾವಣೆಯ ರಾತ್ರಿ ಟಿವಿ ಪರದೆಯ ಮೇಲೆ ಮತ್ತೆ ಮತ್ತೆ ಮೂಡುವ ಸಂಖ್ಯೆ ಇದೇ.

ಭಾರತದ ಓದುಗರಿಗೆ ಈ ಏರ್ಪಾಡು ತೀರ ಹೊಸದಲ್ಲ. ನಮ್ಮ ರಾಷ್ಟ್ರಪತಿಯವರನ್ನು ಆರಿಸುವುದೂ ಒಂದು ಮತದಾರ ಮಂಡಲವೇ. ಕರ್ನಾಟಕದ ಒಬ್ಬ ಶಾಸಕರ ಮತಕ್ಕೆ ಅಲ್ಲಿ 131 ರ ಮೌಲ್ಯವಿದೆ, 224 ಶಾಸಕರದ್ದೂ ಸೇರಿದರೆ 29,344 ಆಗುತ್ತದೆ. 1971 ರ ಜನಸಂಖ್ಯೆಯನ್ನು ಆಧಾರವಾಗಿಟ್ಟುಕೊಂಡು ರಾಜ್ಯದಿಂದ ರಾಜ್ಯಕ್ಕೆ ಈ ಮೌಲ್ಯ ಬದಲಾಗುತ್ತದೆ. ಆದರೆ ಎರಡು ದೊಡ್ಡ ವ್ಯತ್ಯಾಸಗಳನ್ನು ಮರೆಯಬಾರದು. ನಮ್ಮಲ್ಲಿ ಮತ ಹಾಕುವವರು ಈಗಾಗಲೇ ಬೇರೆ ಕೆಲಸಕ್ಕಾಗಿ ಚುನಾಯಿತರಾದ ಶಾಸಕರು ಮತ್ತು ಸಂಸದರು. ಅಮೆರಿಕದ ಎಲೆಕ್ಟರ್‌ಗೆ ಆ ಒಂದು ದಿನದ ಒಂದು ಕೆಲಸವನ್ನು ಬಿಟ್ಟರೆ ಬೇರೇನೂ ಇಲ್ಲ, ಸಂಸತ್ ಸದಸ್ಯರು ಎಲೆಕ್ಟರ್ ಆಗುವುದನ್ನು ಸಂವಿಧಾನವೇ ನಿಷೇಧಿಸಿದೆ. ಇನ್ನೊಂದು, ನಮ್ಮಲ್ಲಿ ಕರ್ನಾಟಕದ ಶಾಸಕರ ಮತಗಳು ಅಭ್ಯರ್ಥಿಗಳ ನಡುವೆ ಹಂಚಿಹೋಗುತ್ತವೆ, ಅಮೆರಿಕದಲ್ಲಿ ಬಹುತೇಕ ರಾಜ್ಯಗಳ ಎಲೆಕ್ಟರ್‌ಗಳು ಇಡಿಯಾಗಿ ಒಬ್ಬರ ಪಾಲಾಗುತ್ತಾರೆ. ತೊಡಕಿನ ಬೇರು ಇರುವುದು ಈ ಎರಡನೆಯ ವ್ಯತ್ಯಾಸದಲ್ಲಿ.

ರಾಜ್ಯದಲ್ಲಿ ಒಂದು ಮತ ಹೆಚ್ಚು ಪಡೆದವರಿಗೂ ಅಲ್ಲಿನ ಎಲ್ಲ ಎಲೆಕ್ಟರ್‌ಗಳು ಸಲ್ಲುತ್ತಾರೆ ಎಂಬ ನಿಯಮ ಇಂದು 48 ರಾಜ್ಯಗಳಲ್ಲೂ ರಾಜಧಾನಿಯಲ್ಲೂ ಜಾರಿಯಲ್ಲಿದೆ. ಮೇನ್ ಮತ್ತು ನೆಬ್ರಾಸ್ಕಾ ಮಾತ್ರ ಇದಕ್ಕೆ ಹೊರತು. ಅವು ಎರಡು ಎಲೆಕ್ಟರ್‌ಗಳನ್ನು ರಾಜ್ಯದ ಒಟ್ಟು ಮತದಲ್ಲಿ ಗೆದ್ದವರಿಗೂ, ಉಳಿದವರನ್ನು ಒಂದೊಂದು ಪ್ರತಿನಿಧಿ ಸಭೆಯ ಕ್ಷೇತ್ರದಲ್ಲಿ ಗೆದ್ದವರಿಗೂ ಕೊಡುತ್ತವೆ. ಇಲ್ಲಿ ಗಮನಿಸಬೇಕಾದ, ಅನೇಕ ಅಮೆರಿಕನ್ನರಿಗೇ ಗೊತ್ತಿರದ ಸಂಗತಿಯೆಂದರೆ, ಗೆದ್ದವರಿಗೆ ಎಲ್ಲವೂ ಎಂಬ ಈ ನಿಯಮ ಸಂವಿಧಾನದಲ್ಲಿ ಎಲ್ಲೂ ಇಲ್ಲ. ರಾಜ್ಯದ ಶಾಸನಸಭೆ ಸೂಚಿಸುವ ರೀತಿಯಲ್ಲಿ ಎಲೆಕ್ಟರ್‌ಗಳನ್ನು ನೇಮಿಸಬೇಕು ಎಂದಷ್ಟೇ ಸಂವಿಧಾನ ಹೇಳುತ್ತದೆ. ಆರಂಭದ ಚುನಾವಣೆಗಳಲ್ಲಿ ಕೆಲವು ರಾಜ್ಯಗಳಲ್ಲಿ ಶಾಸಕರೇ ಎಲೆಕ್ಟರ್‌ಗಳನ್ನು ಆರಿಸಿದರು, ಕೆಲವು ಕಡೆ ಕ್ಷೇತ್ರವಾರು ಆಯ್ಕೆ ನಡೆಯಿತು.

ಆ ವೈವಿಧ್ಯ ಮಾಯವಾದದ್ದಕ್ಕೆ ಕಾರಣ ಪಕ್ಷಗಳ ಪೈಪೋಟಿ. 1796 ರಲ್ಲಿ ಥಾಮಸ್ ಜೆಫರ್ಸನ್ ಅವರು ಜಾನ್ ಆಡಮ್ಸ್ ಎದುರು 68–71 ರಿಂದ ಸೋತರು. ಆಡಮ್ಸ್ ಅವರಿಗೆ ಬಂದ ಮತಗಳಲ್ಲಿ ಒಂದು ಜೆಫರ್ಸನ್ ಅವರ ತವರು ವರ್ಜೀನಿಯಾದ್ದು, ಇನ್ನೊಂದು ಪಕ್ಕದ ನಾರ್ತ್ ಕೆರೊಲಿನಾದ್ದು. ಕ್ಷೇತ್ರವಾರು ಪದ್ಧತಿಯಿದ್ದ ಈ ಎರಡು ರಾಜ್ಯಗಳ ಆ ಎರಡು ಮತಗಳು ತಿರುಗಿದ್ದರೆ ಫಲಿತಾಂಶವೇ ತಿರುಗುತ್ತಿತ್ತು. 1800 ರ ಚುನಾವಣೆಗೆ ಮುನ್ನ ವರ್ಜೀನಿಯಾ ತನ್ನ ಪದ್ಧತಿಯನ್ನು ಬದಲಿಸಿ ಎಲ್ಲ ಎಲೆಕ್ಟರ್‌ಗಳನ್ನೂ ರಾಜ್ಯಮಟ್ಟದ ವಿಜೇತರಿಗೇ ಮೀಸಲಿಟ್ಟಿತು. ಒಂದು ರಾಜ್ಯ ತನ್ನ ಬಲವನ್ನೆಲ್ಲ ಒಂದು ಕಡೆಗೆ ಕೂಡಿಹಾಕಿದ ಮೇಲೆ ಉಳಿದವು ಹಂಚಿಕೊಂಡು ಕುಳಿತರೆ ನಷ್ಟ ಅವುಗಳದ್ದೇ. ಹೀಗೆ ಒಂದನ್ನು ನೋಡಿ ಮತ್ತೊಂದು ಬದಲಾಗುತ್ತ, 1836 ರ ಹೊತ್ತಿಗೆ ಸೌತ್ ಕೆರೊಲಿನಾ ಹೊರತು ಎಲ್ಲ ರಾಜ್ಯಗಳೂ ಇದೇ ದಾರಿ ಹಿಡಿದಿದ್ದವು. ರಾಷ್ಟ್ರನಿರ್ಮಾಪಕರು ಆಳವಾಗಿ ಚಿಂತಿಸಿ ಈ ನಿಯಮವನ್ನು ರೂಪಿಸಿದರು ಎಂಬ ಮಾತು ಆಗಾಗ ಕೇಳಿಬರುತ್ತದೆ. ಚರಿತ್ರೆ ಅದನ್ನು ಸಮರ್ಥಿಸುವುದಿಲ್ಲ.

ಇದೇ ಸಂದರ್ಭದಲ್ಲಿ ಇನ್ನೊಂದು ಕಹಿ ಸಂಗತಿಯನ್ನೂ ಹೇಳಬೇಕು. ಪ್ರತಿನಿಧಿ ಸಭೆಯ ಸ್ಥಾನಗಳನ್ನು ಹಂಚುವಾಗ ಗುಲಾಮರ ಸಂಖ್ಯೆಯ ಐದರಲ್ಲಿ ಮೂರು ಪಾಲನ್ನು ರಾಜ್ಯದ ಜನಸಂಖ್ಯೆಗೆ ಸೇರಿಸಿಕೊಳ್ಳಲು ಮೂಲ ಸಂವಿಧಾನ ಅವಕಾಶ ಕೊಟ್ಟಿತ್ತು. ಎಲೆಕ್ಟರ್‌ಗಳ ಸಂಖ್ಯೆ ಆ ಸ್ಥಾನಗಳನ್ನೇ ಅನುಸರಿಸುವುದರಿಂದ, ಮತದ ಹಕ್ಕೇ ಇಲ್ಲದ ಗುಲಾಮರ ತಲೆಯೆಣಿಕೆಯಿಂದ ಅವರ ಒಡೆಯರ ರಾಜ್ಯಗಳು ಅಧ್ಯಕ್ಷರ ಆಯ್ಕೆಯಲ್ಲಿ ಹೆಚ್ಚಿನ ಬಲ ಪಡೆದವು. 1800 ರಲ್ಲಿ ವರ್ಜೀನಿಯಾಕ್ಕೆ 21 ಎಲೆಕ್ಟರ್‌ಗಳಿದ್ದರೆ ಪೆನ್ಸಿಲ್ವೇನಿಯಾಕ್ಕೆ 15 ಮಾತ್ರ ಇದ್ದರು. ಅಂತರ್ಯುದ್ಧದ ನಂತರದ ತಿದ್ದುಪಡಿಗಳಿಂದ ಆ ಲೆಕ್ಕ ಅಳಿಯಿತು. ರಾಜ್ಯವನ್ನೇ ಘಟಕವಾಗಿ ಎಣಿಸುವ ಚೌಕಟ್ಟು ಉಳಿಯಿತು.

ಇನ್ನು ಫ್ಲಾರಿಡಾಕ್ಕೆ ಮರಳೋಣ. 2000 ದ ಚುನಾವಣೆಯಲ್ಲಿ ಅದಕ್ಕೆ 25 ಎಲೆಕ್ಟರ್‌ಗಳಿದ್ದರು. ಬೇರೆಲ್ಲ ರಾಜ್ಯಗಳ ಫಲಿತಾಂಶ ಖಚಿತವಾದಾಗ ಗೋರ್ ಅವರ ಕೈಯಲ್ಲಿ 267, ಬುಷ್ ಅವರ ಕೈಯಲ್ಲಿ 246 ಇದ್ದವು. ಫ್ಲಾರಿಡಾ ಯಾರ ಕಡೆಗೋ ಅವರೇ ಅಧ್ಯಕ್ಷರು. ಮೊದಲ ಎಣಿಕೆಯಲ್ಲಿ ಬುಷ್ 1,784 ಮತಗಳಿಂದ ಮುಂದಿದ್ದರು. ಅಂತರ ಶೇ 0.5 ಕ್ಕಿಂತ ಕಡಿಮೆಯಾದರೆ ಯಂತ್ರದ ಮೂಲಕ ಮರುಎಣಿಕೆ ಆಗಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ಅದು ಮುಗಿದಾಗ ಮುನ್ನಡೆ 327 ಕ್ಕೆ ಇಳಿಯಿತು. ವಿದೇಶಗಳಲ್ಲಿದ್ದ ಮತದಾರರ ಅಂಚೆ ಮತಗಳು ಬಂದು ಸೇರಿದಾಗ ಅದು 930 ಆಯಿತು. ಆಮೇಲೆ ಕೆಲವು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥ ಆಡಳಿತ ಘಟಕಗಳು) ಕೈಯಿಂದ ನಡೆದ ಎಣಿಕೆಯನ್ನು ಸೇರಿಸಿ ನವೆಂಬರ್ 26 ರಂದು ಘೋಷಿಸಿದ ಅಂತರ 537. ಎಣಿಸಿದಷ್ಟು ಸಲ ಒಂದೊಂದು ಉತ್ತರ ಬಂದದ್ದನ್ನು ಅಕ್ರಮದ ಗುರುತು ಎಂದು ಕೂಡಲೇ ತೀರ್ಮಾನಿಸಬೇಕಿಲ್ಲ. 60 ಲಕ್ಷ ಮತಪತ್ರಗಳ ಎಣಿಕೆಯಲ್ಲಿ ಸಹಜವಾಗಿ ನುಸುಳುವ ತಪ್ಪಿನ ಪ್ರಮಾಣವೇ ಗೆಲುವಿನ ಅಂತರವನ್ನು ಮೀರುವಂತಿತ್ತು ಎಂಬುದು ಅಲ್ಲಿನ ನಿಜವಾದ ಕಷ್ಟ.

ಮತಪತ್ರಗಳೂ ಆ ಕಷ್ಟವನ್ನು ಹೆಚ್ಚಿಸಿದವು. ಹಲವು ಕೌಂಟಿಗಳಲ್ಲಿ ಮತದಾರರು ಗಡುಸಾದ ಕಾಗದದ ಕಾರ್ಡಿನಲ್ಲಿ ಮೊನೆಯಿಂದ ಚುಚ್ಚಿ ರಂಧ್ರ ಮಾಡಬೇಕಿತ್ತು. ಚುಚ್ಚಿದ ಜಾಗದ ಚೂರು ಪೂರ್ತಿ ಉದುರದೆ ಅಂಚಿಗೆ ಅಂಟಿಕೊಂಡರೆ ಯಂತ್ರ ಅದನ್ನು ಮತವೆಂದು ಓದುತ್ತಿರಲಿಲ್ಲ. ಒಂದು ಮೂಲೆ ಬಿಟ್ಟಿದ್ದರೆ ಮತವೇ, ಬರೀ ಕುಳಿ ಬಿದ್ದಿದ್ದರೆ ಮತವೇ ಎಂಬ ಪ್ರಶ್ನೆಗೆ ಒಂದು ಕೌಂಟಿಯಲ್ಲಿ ಸಿಕ್ಕ ಉತ್ತರ ಪಕ್ಕದ ಕೌಂಟಿಯಲ್ಲಿ ಸಿಗಲಿಲ್ಲ. ಪಾಮ್ ಬೀಚ್ ಕೌಂಟಿಯಲ್ಲಿ ಅಭ್ಯರ್ಥಿಗಳ ಹೆಸರುಗಳನ್ನು ಎದುರುಬದುರು ಎರಡು ಪುಟಗಳಲ್ಲಿ ಮುದ್ರಿಸಿ, ಚುಚ್ಚಬೇಕಾದ ರಂಧ್ರಗಳನ್ನು ನಡುವೆ ಒಂದೇ ಸಾಲಿನಲ್ಲಿ ಇಟ್ಟಿದ್ದರು. ಎಡಪುಟದಲ್ಲಿ ಎರಡನೆಯ ಹೆಸರಾಗಿದ್ದ ಗೋರ್ ಅವರಿಗೆ ಮತ ಹಾಕಲು ಮೂರನೆಯ ರಂಧ್ರವನ್ನು ಚುಚ್ಚಬೇಕಿತ್ತು. ಎರಡನೆಯ ರಂಧ್ರ ಬಲಪುಟದಲ್ಲಿದ್ದ ಪ್ಯಾಟ್ ಬ್ಯೂಕ್ಯಾನನ್ ಅವರದ್ದು. ಡೆಮಾಕ್ರಟರ ಪ್ರಾಬಲ್ಯವಿದ್ದ ಆ ಕೌಂಟಿಯಲ್ಲಿ ಕಟ್ಟಾ ಸಂಪ್ರದಾಯವಾದಿಯಾದ ಬ್ಯೂಕ್ಯಾನನ್ ಅವರಿಗೆ 3,407 ಮತಗಳು ಬಿದ್ದವು. ಅವುಗಳಲ್ಲಿ ಹೆಚ್ಚಿನವು ತಮಗೆಂದು ಹಾಕಿದವಲ್ಲ ಎಂಬುದನ್ನು ಸ್ವತಃ ಅವರೇ ಒಪ್ಪಿಕೊಂಡರು. ಆದರೆ ಒಮ್ಮೆ ಬಿದ್ದ ಮತವನ್ನು ಹಾಕಿದವರ ಮನಸ್ಸಿನಲ್ಲಿ ಏನಿತ್ತೆಂದು ಊಹಿಸಿ ಬದಲಿಸುವಂತಿಲ್ಲ. ಪರಿಸರವಾದಿ ಗ್ರೀನ್ ಪಕ್ಷದ ರಾಲ್ಫ್ ನೇಡರ್ ಅವರಿಗೆ ಫ್ಲಾರಿಡಾದಲ್ಲಿ 97 ಸಾವಿರಕ್ಕೂ ಹೆಚ್ಚು ಮತಗಳು ಬಂದಿದ್ದವು ಎಂಬುದನ್ನು ಇದರೊಂದಿಗೆ ಇಟ್ಟು ನೋಡಿದರೆ, 537 ರ ಮೇಲೆ ಎಷ್ಟೊಂದು ಕಾರಣಗಳ ನೆರಳು ಬಿದ್ದಿತ್ತು ಎಂಬುದು ಅರ್ಥವಾಗುತ್ತದೆ.

ನಮ್ಮಲ್ಲಿ ಮತಯಂತ್ರದಿಂದ ಹಿಡಿದು ಬೆರಳಿಗೆ ಹಚ್ಚುವ ಶಾಯಿಯವರೆಗೆ ಎಲ್ಲವನ್ನೂ ಒಂದೇ ಚುನಾವಣಾ ಆಯೋಗ ನಿರ್ಧರಿಸುತ್ತದೆ. ಅಮೆರಿಕದಲ್ಲಿ ದೇಶಕ್ಕೆಲ್ಲ ಚುನಾವಣೆ ನಡೆಸುವ ಅಂಥ ಸಂಸ್ಥೆಯೇ ಇಲ್ಲ. ಮತಪತ್ರದ ವಿನ್ಯಾಸ ಕೌಂಟಿಯದು, ಕಾನೂನು ರಾಜ್ಯದ್ದು, ಪ್ರಮಾಣೀಕರಣ ರಾಜ್ಯದ ಅಧಿಕಾರಿಗಳದು. 2000 ದಲ್ಲಿ ಫ್ಲಾರಿಡಾದ ಫಲಿತಾಂಶಕ್ಕೆ ಸಹಿ ಹಾಕಬೇಕಿದ್ದ ರಾಜ್ಯ ಕಾರ್ಯದರ್ಶಿ ಕ್ಯಾಥರೀನ್ ಹ್ಯಾರಿಸ್ ಅವರು ಆ ರಾಜ್ಯದಲ್ಲಿ ಬುಷ್ ಪ್ರಚಾರ ಸಮಿತಿಯ ಸಹ ಅಧ್ಯಕ್ಷರಲ್ಲೊಬ್ಬರಾಗಿದ್ದರು. ರಾಜ್ಯಪಾಲರಾಗಿದ್ದವರು ಬುಷ್ ಅವರ ತಮ್ಮ ಜೆಬ್ ಬುಷ್. (ಅಲ್ಲಿನ ರಾಜ್ಯಪಾಲರು ಜನರಿಂದ ನೇರವಾಗಿ ಆಯ್ಕೆಯಾಗುವ ಪಕ್ಷದ ಮುಖಂಡರು, ಅಧಿಕಾರದಲ್ಲಿ ನಮ್ಮ ಮುಖ್ಯಮಂತ್ರಿಗಳಿಗೆ ಸಮಾನರು.) ಇವರು ತಪ್ಪು ಮಾಡಿದರು ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಆಟಗಾರನೂ ತೀರ್ಪುಗಾರನೂ ಒಂದೇ ತಂಡದವರಾಗಲು ಎಡೆಮಾಡಿಕೊಡುವ ವ್ಯವಸ್ಥೆಯಲ್ಲಿ, ತೀರ್ಪು ಸರಿಯಾಗಿದ್ದರೂ ಸೋತವರಿಗೆ ಅದನ್ನು ನಂಬುವುದು ಕಷ್ಟವಾಗುತ್ತದೆ.

ಕೊನೆಗೆ ವಿವಾದ ನ್ಯಾಯಾಲಯ ತಲುಪಿತು. ಯಂತ್ರಗಳು ಓದದೆ ಬಿಟ್ಟ ಮತಪತ್ರಗಳನ್ನು ರಾಜ್ಯಾದ್ಯಂತ ಕೈಯಿಂದ ಎಣಿಸಬೇಕೆಂದು ಫ್ಲಾರಿಡಾದ ಸುಪ್ರೀಂ ಕೋರ್ಟ್ ಡಿಸೆಂಬರ್ 8 ರಂದು 4–3 ರಿಂದ ಆದೇಶಿಸಿತು. ಮರುದಿನವೇ ಅಮೆರಿಕದ ಸುಪ್ರೀಂ ಕೋರ್ಟ್ 5–4 ರಿಂದ ಅದಕ್ಕೆ ತಡೆ ನೀಡಿತು. ಡಿಸೆಂಬರ್ 12 ರ ಅಂತಿಮ ತೀರ್ಪಿನಲ್ಲಿ, ಕೌಂಟಿಗೊಂದು ಮಾನದಂಡದಿಂದ ಎಣಿಸುವುದರಲ್ಲಿ ಸಂವಿಧಾನದ ಸಮಾನತೆಗೆ ಧಕ್ಕೆಯಿದೆ ಎಂದು ಏಳು ಮಂದಿ ನ್ಯಾಯಮೂರ್ತಿಗಳು ಕಂಡರು. ಏಕರೂಪದ ಮಾನದಂಡ ರೂಪಿಸಿ ಮತ್ತೆ ಎಣಿಸಲು ಸಮಯವಿಲ್ಲ ಎಂದವರು ಐವರು. ಎಲೆಕ್ಟರ್‌ಗಳ ವಿವಾದವನ್ನು ರಾಜ್ಯವೇ ಬಗೆಹರಿಸಿಕೊಳ್ಳಲು ಕಾನೂನು ಕೊಟ್ಟಿದ್ದ ಗಡುವು ಅದೇ ಡಿಸೆಂಬರ್ 12. ಮರುದಿನ ಗೋರ್ ಸೋಲೊಪ್ಪಿದರು. ಬುಷ್ ಅವರಿಗೆ 271 ಮತಗಳಾದವು, ಬೇಕಿದ್ದಕ್ಕಿಂತ ಒಂದೇ ಒಂದು ಹೆಚ್ಚು.

ಫ್ಲಾರಿಡಾದ ಗದ್ದಲದಲ್ಲಿ ಮರೆಯಾದ ಇನ್ನೊಂದು ರಾಜ್ಯವಿದೆ. ಈಶಾನ್ಯದ ಪುಟ್ಟ ನ್ಯೂ ಹ್ಯಾಂಪ್‌ಶೈರ್‌ನ 4 ಎಲೆಕ್ಟರ್‌ಗಳನ್ನು ಬುಷ್ ಗೆದ್ದದ್ದು 7,211 ಮತಗಳಿಂದ. ಅದು ಗೋರ್ ಅವರ ಕಡೆಗೆ ಬಂದಿದ್ದರೆ 267 ಕ್ಕೆ 4 ಸೇರಿ 271 ಆಗುತ್ತಿತ್ತು, ಫ್ಲಾರಿಡಾದ ಕಾರ್ಡುಗಳ ಚೂರುಗಳನ್ನು ಯಾರೂ ಭೂತಗನ್ನಡಿ ಹಿಡಿದು ನೋಡಬೇಕಾಗುತ್ತಿರಲಿಲ್ಲ. ತುರುಸಿನ ಚುನಾವಣೆಯಲ್ಲಿ ನಿರ್ಣಾಯಕ ರಾಜ್ಯ ಯಾವುದೆಂಬುದು ಸೋತವರು ಇನ್ನೆಲ್ಲಿ ಗೆಲ್ಲಬಹುದಿತ್ತು ಎಂಬುದನ್ನೂ ಅವಲಂಬಿಸಿರುತ್ತದೆ, ದೊಡ್ಡ ರಾಜ್ಯವೇ ಆಗಬೇಕೆಂದಿಲ್ಲ.

ದೇಶದ ಒಟ್ಟು ಮತದಲ್ಲಿ ಹಿಂದೆ ಬಿದ್ದವರು ಗೆಲ್ಲಲು ಏನು ಕಾರಣ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ಸಣ್ಣ ರಾಜ್ಯಗಳಿಗೆ ಸಿಗುವ ಹೆಚ್ಚಿನ ತೂಕ. ತೂಕದ ಅಂತರ ಸುಳ್ಳಲ್ಲ. 2020 ರ ಜನಗಣತಿಯ ಪ್ರಕಾರ ಸುಮಾರು 5 ಲಕ್ಷ 77 ಸಾವಿರ ಜನರಿರುವ ವಯೋಮಿಂಗ್‌ಗೆ 3 ಎಲೆಕ್ಟರ್‌ಗಳು, ಎಂದರೆ 1 ಲಕ್ಷ 92 ಸಾವಿರ ಜನರಿಗೆ ಒಬ್ಬರು. ಸುಮಾರು 3 ಕೋಟಿ 95 ಲಕ್ಷ ಜನರಿರುವ ಕ್ಯಾಲಿಫೋರ್ನಿಯಾಕ್ಕೆ 54, ಎಂದರೆ 7 ಲಕ್ಷ 30 ಸಾವಿರ ಜನರಿಗೆ ಒಬ್ಬರು. ಆದರೆ ಇದೊಂದೇ ಕಾರಣವೇ ಎಂಬುದನ್ನು ಒಂದು ಸರಳ ಲೆಕ್ಕದಿಂದ ಪರೀಕ್ಷಿಸಬಹುದು. ಸೆನೆಟ್ ಹೆಸರಿನಲ್ಲಿ ಎಲ್ಲರಿಗೂ ಸಮನಾಗಿ ಸಿಕ್ಕ ಎರಡೆರಡು ಎಲೆಕ್ಟರ್‌ಗಳನ್ನು ಕಳೆದುಬಿಡೋಣ. 2000 ದಲ್ಲಿ ಬುಷ್ 30 ರಾಜ್ಯಗಳನ್ನು ಗೆದ್ದಿದ್ದರು. 271 ರಲ್ಲಿ 60 ಕಳೆದರೆ 211. ಗೋರ್ ಗೆದ್ದದ್ದು 20 ರಾಜ್ಯಗಳು ಮತ್ತು ರಾಜಧಾನಿ. 267 ರಲ್ಲಿ 42 ಕಳೆದರೆ 225. ಎಂದರೆ ಆ ವರ್ಷ ಸಣ್ಣ ರಾಜ್ಯಗಳ ಹೆಚ್ಚುವರಿ ತೂಕವೇ ಫಲಿತಾಂಶವನ್ನು ಮಗುಚಿತ್ತು. ಇದೇ ಲೆಕ್ಕವನ್ನು 2016 ಕ್ಕೆ ಅನ್ವಯಿಸಿದರೆ ಬೇರೆಯೇ ಉತ್ತರ ಬರುತ್ತದೆ. ಡೊನಾಲ್ಡ್ ಟ್ರಂಪ್ ಗೆದ್ದದ್ದು 30 ರಾಜ್ಯಗಳು ಮತ್ತು ಮೇನ್‌ನ ಒಂದು ಕ್ಷೇತ್ರದ 306, ಹಿಲರಿ ಕ್ಲಿಂಟನ್ ಗೆದ್ದದ್ದು 20 ರಾಜ್ಯಗಳು ಮತ್ತು ರಾಜಧಾನಿಯ 232. ಎರಡೆರಡು ಕಳೆದ ಮೇಲೂ 246 ಮತ್ತು 190, ಟ್ರಂಪ್ ಆರಾಮವಾಗಿ ಗೆಲ್ಲುತ್ತಾರೆ. ಕ್ಲಿಂಟನ್ ಅವರು ದೇಶದಲ್ಲಿ 28 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದೂ ಸೋತದ್ದು ಗೆದ್ದವರಿಗೆ ಎಲ್ಲವೂ ಎಂಬ ನಿಯಮದಿಂದ. ಕ್ಯಾಲಿಫೋರ್ನಿಯಾ ಒಂದರಲ್ಲೇ ಅವರ ಮುನ್ನಡೆ 42 ಲಕ್ಷ ದಾಟಿತ್ತು. ಅಲ್ಲಿ ಒಂದು ಮತದಿಂದ ಗೆದ್ದಿದ್ದರೂ ಸಿಗುತ್ತಿದ್ದದ್ದು ಅಷ್ಟೇ ಎಲೆಕ್ಟರ್‌ಗಳು. ಅತ್ತ ಮಿಷಿಗನ್‌ನಲ್ಲಿ 10,704, ವಿಸ್ಕಾನ್ಸಿನ್‌ನಲ್ಲಿ 22,748, ಪೆನ್ಸಿಲ್ವೇನಿಯಾದಲ್ಲಿ 44,292, ಒಟ್ಟು 78 ಸಾವಿರಕ್ಕೂ ಕಡಿಮೆ ಮತಗಳ ಅಂತರದಿಂದ ಟ್ರಂಪ್ 46 ಎಲೆಕ್ಟರ್‌ಗಳನ್ನು ಪಡೆದರು.

ಕರ್ನಾಟಕದ ಓದುಗರು ಇದನ್ನು ಸುಲಭವಾಗಿ ಗುರುತಿಸಬಲ್ಲರು. 2018 ರ ಮೇ ತಿಂಗಳಲ್ಲಿ 222 ಕ್ಷೇತ್ರಗಳ ಎಣಿಕೆ ಮುಗಿದಾಗ, ಶೇ 38 ರಷ್ಟು ಮತ ಪಡೆದ ಕಾಂಗ್ರೆಸ್‌ಗೆ 78 ಸ್ಥಾನಗಳೂ ಶೇ 36 ರಷ್ಟು ಪಡೆದ ಬಿಜೆಪಿಗೆ 104 ಸ್ಥಾನಗಳೂ ಬಂದಿದ್ದವು. ಎಲ್ಲ ಕಡೆ ಹರಡಿದ ಮತಕ್ಕೂ ಬೇಕಾದ ಕಡೆ ಗಟ್ಟಿಯಾಗಿ ನಿಂತ ಮತಕ್ಕೂ ಇರುವ ವ್ಯತ್ಯಾಸ ಅದು. ಆದರೆ ನಮ್ಮಲ್ಲಿ ಅದು ಇನ್ನೂರಕ್ಕೂ ಹೆಚ್ಚು ಕ್ಷೇತ್ರಗಳ ನಡುವೆ ಹಂಚಿಹೋಗುತ್ತದೆ, ಹಾಗೂ ಫಲಿತಾಂಶದ ನಂತರ ಮೈತ್ರಿಗೆ ಅವಕಾಶವಿರುತ್ತದೆ. ಅಲ್ಲಿ ಇಡೀ ರಾಜ್ಯವೇ ಒಂದು ಕ್ಷೇತ್ರ, ಕುರ್ಚಿಯೂ ಒಂದೇ.

ಈ ನಿಯಮದಿಂದ ಮತದಾರರಿಗೆ ಆಗುವ ಅನ್ಯಾಯ ಯಾವುದೋ ಒಂದು ಪಕ್ಷಕ್ಕೆ ಸೀಮಿತವಲ್ಲ. 2020 ರಲ್ಲಿ ಟ್ರಂಪ್ ಅವರಿಗೆ ಅತಿ ಹೆಚ್ಚು ಮತಗಳು ಬಂದ ರಾಜ್ಯ ಟೆಕ್ಸಸ್ ಅಲ್ಲ, ಫ್ಲಾರಿಡಾವೂ ಅಲ್ಲ, ಕ್ಯಾಲಿಫೋರ್ನಿಯಾ. ಅಲ್ಲಿನ 60 ಲಕ್ಷ ರಿಪಬ್ಲಿಕನ್ ಮತಗಳಿಗೆ ಒಬ್ಬ ಎಲೆಕ್ಟರ್ ಕೂಡ ಸಿಗಲಿಲ್ಲ. ಟೆಕ್ಸಸ್‌ನಲ್ಲಿ ಜೋ ಬೈಡನ್ ಅವರಿಗೆ ಬಿದ್ದ 52 ಲಕ್ಷಕ್ಕೂ ಹೆಚ್ಚು ಮತಗಳ ಗತಿಯೂ ಅದೇ. 2024 ರಲ್ಲಿ ಎರಡೂ ಪಕ್ಷಗಳು ತಮ್ಮ ಹಣ, ಸಮಯ, ಜನ ಎಲ್ಲವನ್ನೂ ಸುರಿದದ್ದು ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್, ಜಾರ್ಜಿಯಾ, ನಾರ್ತ್ ಕೆರೊಲಿನಾ, ಅರಿಜೋನಾ, ನೆವಾಡಾ ಎಂಬ ಏಳು ರಾಜ್ಯಗಳ 93 ಎಲೆಕ್ಟರ್‌ಗಳಿಗಾಗಿ. ಅಮೆರಿಕದ ಪೌರತ್ವ ಪಡೆದ ಕನ್ನಡಿಗರಲ್ಲಿ ಒಬ್ಬರು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲೂ ಇನ್ನೊಬ್ಬರು ಜಾರ್ಜಿಯಾದ ಅಟ್ಲಾಂಟಾ ಹೊರವಲಯದಲ್ಲೂ ನೆಲೆಸಿದ್ದರೆ, ಇಬ್ಬರ ಮತವೂ ಕಾಗದದ ಮೇಲೆ ಒಂದೇ. ಪ್ರಚಾರದವರು ಬಾಗಿಲು ತಟ್ಟುವುದು ಮಾತ್ರ ಎರಡನೆಯವರ ಮನೆಯದ್ದು. ನನ್ನ ಮಟ್ಟಿಗೆ ಈ ವ್ಯವಸ್ಥೆಯ ಅತಿ ದೊಡ್ಡ ದೋಷ ಇದೇ. ಅಪರೂಪಕ್ಕೊಮ್ಮೆ ಫಲಿತಾಂಶ ಮಗುಚುವುದಕ್ಕಿಂತಲೂ, ಪ್ರತಿ ನಾಲ್ಕು ವರ್ಷಕ್ಕೊಮ್ಮೆ ಬಹುಪಾಲು ಪ್ರಜೆಗಳು ತಮ್ಮದೇ ಅಧ್ಯಕ್ಷರ ಆಯ್ಕೆಯಲ್ಲಿ ಪ್ರೇಕ್ಷಕರಾಗಿ ಉಳಿಯುವುದು ಹೆಚ್ಚು ನೋವಿನ ವಿಷಯ.

ಒಟ್ಟು ಮತದಲ್ಲಿ ಮುಂದಿದ್ದವರು ಗೆದ್ದಾಗಲೂ ಗೆಲುವು ಎಷ್ಟು ತೆಳುವಾದ ದಾರದ ಮೇಲೆ ನಿಂತಿರಬಹುದು ಎಂಬುದಕ್ಕೆ 2020 ಸಾಕ್ಷಿ. ಬೈಡನ್ ಅವರು ದೇಶದಲ್ಲಿ 70 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರು, 306–232 ರಿಂದ ಗೆದ್ದರು. ಆದರೆ ಅರಿಜೋನಾದಲ್ಲಿ ಅಂತರ 10,457, ಜಾರ್ಜಿಯಾದಲ್ಲಿ 11,779, ವಿಸ್ಕಾನ್ಸಿನ್‌ನಲ್ಲಿ 20,682. ಈ ಮೂರರ 37 ಎಲೆಕ್ಟರ್‌ಗಳು ಆಚೆಗೆ ಹೋಗಿದ್ದರೆ 269–269. ಹಾಗೆ ಯಾರಿಗೂ 270 ಸಿಗದಿದ್ದರೆ ಅಧ್ಯಕ್ಷರನ್ನು ಆರಿಸುವ ಹೊಣೆ ಪ್ರತಿನಿಧಿ ಸಭೆಗೆ ಬರುತ್ತದೆ. ಅಲ್ಲಿ ಮತ ಸದಸ್ಯರದ್ದಲ್ಲ, ರಾಜ್ಯದ್ದು. ಕ್ಯಾಲಿಫೋರ್ನಿಯಾದ ಐವತ್ತಕ್ಕೂ ಹೆಚ್ಚು ಸದಸ್ಯರು ಕೂಡಿ ಒಂದು ಮತ, ವಯೋಮಿಂಗ್‌ನ ಒಬ್ಬ ಸದಸ್ಯರದ್ದೂ ಒಂದು ಮತ, ಗೆಲುವಿಗೆ 26 ರಾಜ್ಯಗಳು ಬೇಕು. 2021 ರ ಜನವರಿಯಲ್ಲಿ ಸಭೆಯ ಒಟ್ಟು ಬಹುಮತ ಡೆಮಾಕ್ರಟರಿಗಿದ್ದರೂ ಹೆಚ್ಚಿನ ರಾಜ್ಯಗಳ ನಿಯೋಗಗಳಲ್ಲಿ ರಿಪಬ್ಲಿಕನ್ನರದ್ದೇ ಮೇಲುಗೈ ಇತ್ತು. ಹಿಂದೆ 1824 ರಲ್ಲಿ ಹೀಗೆಯೇ ಆಯಿತು. ಆಂಡ್ರೂ ಜಾಕ್ಸನ್ ಅವರಿಗೆ 99, ಜಾನ್ ಕ್ವಿನ್ಸಿ ಆಡಮ್ಸ್ ಅವರಿಗೆ 84 ಎಲೆಕ್ಟರ್ ಮತಗಳು ಬಂದಿದ್ದವು, ಬಹುಮತಕ್ಕೆ ಬೇಕಿದ್ದದ್ದು 131. ಸಭೆಯಲ್ಲಿ 24 ರಾಜ್ಯಗಳ ಪೈಕಿ 13 ಆಡಮ್ಸ್ ಅವರ ಕಡೆಗೆ ನಿಂತವು.

ಇದನ್ನು ಬದಲಿಸುವ ಪ್ರಯತ್ನಗಳು ನಡೆಯದೆ ಇಲ್ಲ. 1968 ರಲ್ಲಿ ಮೂರನೆಯ ಅಭ್ಯರ್ಥಿ ಜಾರ್ಜ್ ವಾಲೇಸ್ ದಕ್ಷಿಣದ ಐದು ರಾಜ್ಯಗಳನ್ನು ಗೆದ್ದು 46 ಮತಗಳನ್ನು ಪಡೆದಾಗ ಎರಡೂ ಪಕ್ಷಗಳು ಬೆಚ್ಚಿದವು. ಮರುವರ್ಷ ನೇರ ಚುನಾವಣೆಯ ಸಂವಿಧಾನ ತಿದ್ದುಪಡಿಯನ್ನು ಪ್ರತಿನಿಧಿ ಸಭೆ ಭಾರಿ ಬಹುಮತದಿಂದ ಅಂಗೀಕರಿಸಿತು. 1970 ರಲ್ಲಿ ಸೆನೆಟ್‌ನಲ್ಲಿ ಅದು ದೀರ್ಘ ಭಾಷಣಗಳ ಅಡ್ಡಗಾಲಿಗೆ ಸಿಕ್ಕಿ ಬಿದ್ದುಹೋಯಿತು. ತಿದ್ದುಪಡಿಗೆ ಎರಡೂ ಸದನಗಳ ಮೂರನೇ ಎರಡರಷ್ಟು ಬಹುಮತದ ಜೊತೆಗೆ 38 ರಾಜ್ಯಗಳ ಒಪ್ಪಿಗೆ ಬೇಕಿರುವುದರಿಂದ ಈಗ ಕೆಲವರು ಬೇರೆ ದಾರಿ ಹಿಡಿದಿದ್ದಾರೆ: ದೇಶದ ಒಟ್ಟು ಮತದಲ್ಲಿ ಗೆದ್ದವರಿಗೇ ತಮ್ಮ ಎಲೆಕ್ಟರ್‌ಗಳನ್ನು ಕೊಡುವುದಾಗಿ ರಾಜ್ಯಗಳು ಪರಸ್ಪರ ಒಪ್ಪಂದ ಮಾಡಿಕೊಳ್ಳುವುದು. ಸೇರಿದ ರಾಜ್ಯಗಳ ಬಲ 270 ಮುಟ್ಟಿದಾಗ ಮಾತ್ರ ಅದು ಜಾರಿಗೆ ಬರುತ್ತದೆ. 2024 ರ ಏಪ್ರಿಲ್‌ನಲ್ಲಿ ಮೇನ್ ಸೇರಿದಾಗ ಎಣಿಕೆ 209 ಆಗಿತ್ತು. ಸೇರಿದವೆಲ್ಲ ಡೆಮಾಕ್ರಟಿಕ್ ಒಲವಿನವು, ಮತ್ತು ಇಂಥ ಒಪ್ಪಂದಕ್ಕೆ ಸಂಸತ್ತಿನ ಸಮ್ಮತಿ ಬೇಕೇ ಎಂಬ ಪ್ರಶ್ನೆಯೂ ಇತ್ಯರ್ಥವಾಗಿಲ್ಲ.

ಚುನಾವಣೆಯ ರಾತ್ರಿ ವಿಜೇತರ ಹೆಸರು ಕೇಳಿಬಂದ ಮೇಲೂ ಎರಡು ಹಂತಗಳು ಉಳಿದಿರುತ್ತವೆ. ಡಿಸೆಂಬರ್‌ನಲ್ಲಿ ಎಲೆಕ್ಟರ್‌ಗಳು ಮತ ಹಾಕುವಾಗ ಕೆಲವರು ಕೊಟ್ಟ ಮಾತನ್ನು ಮುರಿದದ್ದುಂಟು. 2000 ದಲ್ಲಿ ರಾಜಧಾನಿಯ ಒಬ್ಬ ಎಲೆಕ್ಟರ್, ತಮ್ಮ ಊರಿಗೆ ಸಂಸತ್ತಿನಲ್ಲಿ ಮತದ ಹಕ್ಕಿಲ್ಲದಿರುವುದನ್ನು ಪ್ರತಿಭಟಿಸಿ ಖಾಲಿ ಮತಪತ್ರ ಹಾಕಿದ್ದರಿಂದ ಗೋರ್ ಅವರ 267 ಕೊನೆಗೆ 266 ಆಯಿತು. ಮಾತು ಮುರಿದವರನ್ನು ದಂಡಿಸುವ ಅಧಿಕಾರ ರಾಜ್ಯಗಳಿಗಿದೆ ಎಂದು 2020 ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಎರಡನೆಯ ಹಂತ ಜನವರಿ 6 ರಂದು ಸಂಸತ್ತಿನ ಜಂಟಿ ಅಧಿವೇಶನದಲ್ಲಿ ನಡೆಯುವ ಎಣಿಕೆ. 1876 ರಲ್ಲಿ ಫ್ಲಾರಿಡಾ, ಲೂಸಿಯಾನಾ, ಸೌತ್ ಕೆರೊಲಿನಾಗಳಿಂದ ಒಂದಕ್ಕಿಂತ ಹೆಚ್ಚು ಪಟ್ಟಿಗಳು ಬಂದು, 15 ಮಂದಿಯ ಆಯೋಗವೊಂದು 8–7 ರಿಂದ ತೀರ್ಮಾನಿಸಿ, ರುದರ್‌ಫರ್ಡ್ ಹೇಯ್ಸ್ ಅವರು 185–184 ರಿಂದ ಅಧ್ಯಕ್ಷರಾದ ಮೇಲೆ, 1887 ರಲ್ಲಿ ಎಣಿಕೆಗೆಂದೇ ಒಂದು ಕಾನೂನು ಬಂತು. ಅದರ ಪ್ರಕಾರ ಆಕ್ಷೇಪ ಚರ್ಚೆಗೆ ಬರಬೇಕಾದರೆ ಎರಡೂ ಸದನಗಳಿಂದ ಒಬ್ಬೊಬ್ಬ ಸದಸ್ಯರ ಸಹಿ ಸಾಕಿತ್ತು.

2001 ರ ಜನವರಿ 6 ರಂದು ಆ ಅಧಿವೇಶನದ ಪೀಠದಲ್ಲಿ ಕುಳಿತಿದ್ದವರು ಆಗಿನ ಉಪಾಧ್ಯಕ್ಷರಾಗಿದ್ದ ಗೋರ್ ಅವರೇ. ಫ್ಲಾರಿಡಾದ ಮತಗಳನ್ನು ಒಪ್ಪಬಾರದೆಂದು ಅವರದ್ದೇ ಪಕ್ಷದ ಪ್ರತಿನಿಧಿಗಳು ಒಬ್ಬರಾದ ಮೇಲೊಬ್ಬರು ಎದ್ದು ನಿಂತರು. ಸೆನೆಟ್‌ನ ಒಬ್ಬರೂ ಸಹಿ ಮಾಡಿರಲಿಲ್ಲ. ಗೋರ್ ಒಂದೊಂದು ಆಕ್ಷೇಪವನ್ನೂ ನಿಯಮದಂತೆ ತಳ್ಳಿಹಾಕಿ, ಎದುರಾಳಿಯ ಗೆಲುವನ್ನು ಪ್ರಕಟಿಸಿದರು. ಇಪ್ಪತ್ತು ವರ್ಷಗಳ ನಂತರ ಅದೇ ದಿನ, ರಾಜ್ಯಗಳ ಮತಗಳನ್ನು ತಿರಸ್ಕರಿಸುವಂತೆ ಉಪಾಧ್ಯಕ್ಷ ಮೈಕ್ ಪೆನ್ಸ್ ಅವರ ಮೇಲೆ ಒತ್ತಡ ಬಂತು. ಅವರು ಒಪ್ಪಲಿಲ್ಲ, ಸಂಸತ್ ಭವನದ ಮೇಲೆ ಗುಂಪು ದಾಳಿ ನಡೆಸಿತು, ಎಣಿಕೆ ಮುಗಿದದ್ದು ಮರುದಿನ ನಸುಕಿನಲ್ಲಿ. 2022 ರಲ್ಲಿ ಕಾನೂನನ್ನು ಬಿಗಿಗೊಳಿಸಿ, ಉಪಾಧ್ಯಕ್ಷರ ಪಾತ್ರ ಕೇವಲ ವಿಧಿಬದ್ಧವಾದದ್ದು ಎಂದೂ, ಆಕ್ಷೇಪಕ್ಕೆ ಪ್ರತಿ ಸದನದ ಐದರಲ್ಲಿ ಒಂದು ಪಾಲು ಸದಸ್ಯರ ಬೆಂಬಲ ಬೇಕೆಂದೂ ಬರೆಯಲಾಯಿತು. ಆ ತಿದ್ದುಪಡಿಯ ನಂತರದ ಮೊದಲ ಎಣಿಕೆ 2025 ರ ಜನವರಿ 6 ರಂದು ನಡೆಯಿತು. ಪೀಠದಲ್ಲಿದ್ದವರು ಸೋತ ಅಭ್ಯರ್ಥಿಯೂ ಆಗಿದ್ದ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್. ಯಾರೂ ಆಕ್ಷೇಪಿಸಲಿಲ್ಲ. ಟ್ರಂಪ್ ಅವರಿಗೆ 312, ತಮಗೆ 226 ಎಂದು ಅವರೇ ಓದಿ ಪ್ರಕಟಿಸಿದರು.